ಕೆಂಪಿಗೆ ಏನಾಗಿತ್ತು

ಕೋಳಿ ತನ್ನ ಕಾಯಿಲೆಯನ್ನು ಮುಚ್ಚಿಟ್ಟುಕೊಳ್ಳುತ್ತದೆ. ಗುಂಪಿನಲ್ಲಿ ಒಂದು ಸೊರಗಿದ್ದು ಗೊತ್ತಾದರೆ ಉಳಿದವು ಅದನ್ನು ಕುಕ್ಕುತ್ತವೆ. ಗಿಡುಗವೂ ಅದರ ಮೇಲೆಯೇ ಎರಗುತ್ತದೆ. ಹಾಗಾಗಿ ನಿಲ್ಲಲು ಆಗುವಷ್ಟು ಕಾಲ ಅದು ನಿಂತೇ ಇರುತ್ತದೆ, ಮನುಷ್ಯರ ಕಣ್ಣಿಗೆ ಬೀಳುವ ಹೊತ್ತಿಗೆ ಕಾಯಿಲೆ ಹಳೆಯದಾಗಿರುತ್ತದೆ. 2025ರ ಮೊದಲ ತಿಂಗಳುಗಳಲ್ಲಿ ಯಲಹಂಕದ ನಮ್ಮ ಮನೆಯ ಹಿತ್ತಲಲ್ಲಿ ಅಮ್ಮನ ಕೋಳಿಯೊಂದು ನಮ್ಮನ್ನು ಪಡಿಪಾಟಲು ಪಡಿಸಿತು. ಅದಕ್ಕೆ ಏನಾಗಿದೆ ಎಂದು ನಾವು ಯಾರನ್ನು ಕೇಳಿದರೂ ಅವರಿಗೆ ಉತ್ತರ ಗೊತ್ತಿತ್ತು. ಕೊನೆಗೆ ಸಿಕ್ಕ ಒಬ್ಬರನ್ನು ಬಿಟ್ಟರೆ ಯಾರ ಉತ್ತರವೂ ಸರಿಯಾಗಿರಲಿಲ್ಲ. ನನಗೆ ನೆನಪಿದ್ದಂತೆ, ನಾನು ಬರೆದಿಟ್ಟುಕೊಂಡಂತೆ ಅದನ್ನಿಲ್ಲಿ ಹೇಳುತ್ತೇನೆ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಕುಂದಾಪುರದ ಹತ್ತಿರದ ಊರಮನೆಗೆ ಬೀಗ ಹಾಕಿ ನಮ್ಮಲ್ಲಿಗೆ ಬಂದಳು. ದನಗಳನ್ನು ಅಪ್ಪ ಇರುವಾಗಲೇ ಕೊಟ್ಟಾಗಿತ್ತು. ಕೋಳಿಗಳನ್ನು ಪಕ್ಕದ ಮನೆಯವರಿಗೆ ಹಂಚಿದಳು. ಒಂದು ಹೇಂಟೆಯನ್ನು ಮಾತ್ರ ಕೊಡಲು ಒಪ್ಪಲಿಲ್ಲ. ಬೆತ್ತದ ಬುಟ್ಟಿಗೆ ಗೋಣಿ ಹೊಲಿದು, ರಾತ್ರಿ ಕಾರಿನಲ್ಲಿ ಘಟ್ಟ ಹತ್ತಿಸಿ ತಂದಳು. ಅದೇ ಕೆಂಪಿ. ಅಪ್ಪ ಜಗಲಿಯಲ್ಲಿ ಕೂತು ಗಂಜಿ ಉಣ್ಣುವಾಗ ತಟ್ಟೆಯ ಅಂಚಿಗೇ ಬಂದು ನಿಲ್ಲುತ್ತಿದ್ದ ಕೋಳಿ. ಎರಡು ವರ್ಷ ದಾಟಿದ, ಮೊಟ್ಟೆ ಕಡಿಮೆಯಾಗುತ್ತಿದ್ದ ನಾಟಿ ಹೇಂಟೆಗೆ ಪೇಟೆಯಲ್ಲಿ ಬೆಲೆಯಿಲ್ಲ. ಅಮ್ಮನಿಗೆ ಇತ್ತು.

ನಮ್ಮ ಬೀದಿಯಲ್ಲಿ ನಾಯಿಗಳು ಬಹಳ. ಕೆಂಪಿಯನ್ನು ಊರಿನಲ್ಲಿದ್ದಂತೆ ಬಿಡುವುದು ಸಾಧ್ಯವಿರಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಬಡಗಿಯಿಂದ ಜಾಲರಿ ಗೂಡು ಮಾಡಿಸಿದೆವು. ಒಳಗೊಂದು ಅಡ್ಡಕೋಲು, ನೀರಿನ ಬಟ್ಟಲು, ಕೆಳಗೆ ಸಿಮೆಂಟು ನೆಲ. ಅಂಗಡಿಯಿಂದ ತಂದ ಮೊಟ್ಟೆಕೋಳಿ ಆಹಾರ ನುಣ್ಣಗಿನ ಪುಡಿ. ಗೆದ್ದಲು, ಎರೆಹುಳ, ಬಿದ್ದ ಭತ್ತ, ದಾಸವಾಳದ ಚಿಗುರು ತಿಂದು ಬೆಳೆದ ಕೋಳಿ ಅದಕ್ಕೆ ಕೊಕ್ಕನ್ನೂ ತಾಗಿಸಲಿಲ್ಲ. ಅಮ್ಮ ತನ್ನ ಊಟದಲ್ಲೇ ಪಾಲು ಕೊಡತೊಡಗಿದಳು. ನಮ್ಮ ಮನೆಯಲ್ಲಿ ಸೋನಾ ಮಸೂರಿ. ಅಮ್ಮ ಕುಕ್ಕರ್ ಅನ್ನ ಉಣ್ಣುವವಳಲ್ಲ. ಅಕ್ಕಿಯನ್ನು ಬಿಳಿನೀರು ಹೋಗುವ ತನಕ ತೊಳೆದು, ಪಾತ್ರೆಯಲ್ಲಿ ಬೇಯಿಸಿ, ತಿಳಿ ಬಸಿದು, ಉದುರುದುರಾಗಿ ಮಾಡಿಕೊಳ್ಳುವವಳು. ಆ ಅನ್ನವನ್ನು ಕೆಂಪಿ ಆಸೆಯಿಂದ ತಿಂದಿತು. ಅದು ತಿನ್ನುವುದನ್ನು ನೋಡಿದ ದಿನಗಳಲ್ಲೇ ಅಮ್ಮ ತಾನೂ ಸ್ವಲ್ಪ ಹೊಟ್ಟೆ ತುಂಬ ಉಂಡಳು. ಅದಕ್ಕಾಗಿ ನಾವೆಲ್ಲ ಆ ಕೋಳಿಗೆ ಋಣಿಗಳಾಗಿದ್ದೆವು.

ಜನವರಿಯಲ್ಲಿ ಹಿಕ್ಕೆ ನೀರಾಯಿತು. ಒಂದು ಬೆಳಿಗ್ಗೆ ಅದರಲ್ಲಿ ರಕ್ತದ ಎಳೆ ಕಂಡಿತು. ಕೋಳಿ ಔಷಧಿ ಇಡುವ ಅಂಗಡಿಯೊಂದರಲ್ಲಿ ಹೇಳಿದೆ. ಅವರು ರಕ್ತಭೇದಿ ಎಂದರು, ಒಂದು ಪುಡಿಯ ಪೊಟ್ಟಣ ಕೊಟ್ಟರು, ಕುಡಿಯುವ ನೀರಿಗೆ ಬೆರೆಸಿ ಎಂದರು. ಎಷ್ಟು ದಿನ ಎಂದು ಕೇಳಿದ್ದಕ್ಕೆ, ಹಾಕ್ತಾ ಇರಿ ಮೇಡಂ, ಇದರಿಂದ ತೊಂದರೆ ಏನಿಲ್ಲ ಎಂದರು. ಪೊಟ್ಟಣದ ಮೇಲೆ ಬರೆದ ಅಳತೆ ನೂರಾರು ಕೋಳಿಗಳ ಫಾರಂಗೆ. ಒಂದು ಬಟ್ಟಲು ನೀರು ಕುಡಿಯುವ ಒಂದು ಕೋಳಿಗೆ ಎಷ್ಟು ಎನ್ನುವುದು ಅಲ್ಲಿರಲಿಲ್ಲ. ಅಂಗಡಿಯವರು ಹೇಳಿದಂತೆ ಒಂದು ಚಿಟಿಕೆ. ರಕ್ತ ನಿಂತಿತು. ಪುಡಿ ಮುಂದುವರಿಯಿತು. ಆ ಪುಡಿಯ ಹೆಸರು ಆಂಪ್ರೋಲಿಯಂ. ಅದರ ಕಥೆ ಮುಂದೆ ಬರುತ್ತದೆ.

ಮೊದಲು ಗಮನಿಸಿದ್ದು ಅಮ್ಮ. ಸಂಜೆ ಅಡ್ಡಕೋಲು ಹತ್ತುವ ಹೊತ್ತಿಗೆ ಕೆಂಪಿ ಹಾರಿತು, ಕೋಲು ಮುಟ್ಟಿತು, ಹಿಡಿಯಲಾರದೆ ಕೆಳಗೆ ಬಿತ್ತು. "ಇದ್ಕ್ ಎಂತ ಆಯ್ತ್ ಕಾಣ್ ಮಗಾ, ಕೋಲ್ ಹಿಡುಕೇ ಆತಿಲ್ಲ" ಎಂದಳು. ಮರುದಿನ ನೋಡಿದರೆ ಅದು ಗೂಡಿನ ಮೂಲೆಯಲ್ಲಿ ನೆಲದ ಮೇಲೇ ಮಲಗಿತ್ತು. ನಡೆಯುವಾಗ ಕಾಲನ್ನು ಅಗತ್ಯಕ್ಕಿಂತ ಎತ್ತಿ ಎತ್ತಿ ಇಡುತ್ತಿತ್ತು. ಬೆರಳುಗಳು ನೆಟ್ಟಗೆ ಹರಡಿಕೊಳ್ಳುತ್ತಿರಲಿಲ್ಲ.

ಕಾಲಿನ ತೊಂದರೆ ಎಂದುಕೊಂಡು ಕಾಲನ್ನೇ ನೋಡಿದೆ. ಎತ್ತರದಿಂದ ಗಟ್ಟಿ ನೆಲಕ್ಕೆ ಹಾರುವ ಕೋಳಿಗಳಿಗೆ ಅಂಗಾಲಿನಲ್ಲಿ ಗಾಯವಾಗಿ, ಮೇಲೆ ಕಪ್ಪು ಹಕ್ಕಳೆ ಕಟ್ಟಿ, ಒಳಗೆ ಕೀವು ಗಟ್ಟಿಯಾಗುವುದುಂಟು. ಅಂಗಾಲು ತೊಳೆದು ಬೆಳಕಿಗೆ ಹಿಡಿದೆ, ಹಕ್ಕಳೆ ಇರಲಿಲ್ಲ, ಊತ ಇರಲಿಲ್ಲ, ಬಿಸಿಯೂ ಇರಲಿಲ್ಲ. ಕಾಲಿನ ಚಿಪ್ಪುಗಳು ಎದ್ದು ನಿಂತಿದ್ದರೆ ಅಡಿಯಲ್ಲಿ ನುಸಿ ಸೇರಿದೆ ಎಂದರ್ಥ. ಕೆಂಪಿಯ ಚಿಪ್ಪುಗಳು ನುಣುಪಾಗಿ ಕೂತಿದ್ದವು. ಗಂಟುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿದೆ, ಮೂಳೆ ಮುರಿದಿದ್ದರೆ ಅದು ಕೂಗಬೇಕಿತ್ತು. ಕೂಗಲಿಲ್ಲ.

ಮುಂದಿನ ಅನುಮಾನ ಮೊಟ್ಟೆಯದು. ಮೊಟ್ಟೆ ದಾರಿಯಲ್ಲಿ ಸಿಕ್ಕಿಕೊಂಡ ಹೇಂಟೆ ಬಾಲ ಇಳಿಬಿಟ್ಟು, ಮೈ ನೆಟ್ಟಗೆ ಮಾಡಿ, ಕಾಲಗಲಿಸಿ ನಡೆಯುತ್ತದೆ, ಮತ್ತೆ ಮತ್ತೆ ತಿಣುಕುತ್ತದೆ. ಹೊಟ್ಟೆಯ ಕೆಳಭಾಗ ಮುಟ್ಟಿದರೆ ಗಟ್ಟಿಯಾಗಿ ಕೈಗೆ ಸಿಗುತ್ತದೆ. ಊರಿನಲ್ಲಿ ಅಂಥ ಹೇಂಟೆಗಳನ್ನು ಬಿಸಿನೀರಿನ ಬೋಗುಣಿಯಲ್ಲಿ ಕೂರಿಸಿದ್ದು ಅಮ್ಮನಿಗೆ ಗೊತ್ತು. ಅವಳೇ ಹೊಟ್ಟೆ ತಡವಿ ನೋಡಿ ತಲೆಯಾಡಿಸಿದಳು. ಮೃದುವಾಗಿತ್ತು, ಮೊಟ್ಟೆ ಇರಲಿಲ್ಲ. ಕುತ್ತಿಗೆಯ ಬುಡದಲ್ಲಿರುವ ಕಾಳಿನ ಚೀಲವನ್ನೂ ಮುಟ್ಟಿದಳು. ಬೆಳಗಿನ ಹೊತ್ತಿಗೆ ಅದು ಖಾಲಿಯಾಗಿರಬೇಕು, ಖಾಲಿಯಾಗಿಯೇ ಇತ್ತು. ಆದರೆ ಸಂಜೆಯೂ ಖಾಲಿಯೇ. ಕೆಂಪಿ ತಿನ್ನುವುದನ್ನು ಬಿಡುತ್ತಿತ್ತು.

ಆಮೇಲೆ ಕಾಯಿಲೆ ಮೇಲಕ್ಕೆ ಹತ್ತಿತು. ನಡೆಯುತ್ತಿದ್ದ ಕೋಳಿ ಕಾಲಿನ ಗಂಟಿನ ಮೇಲೆ ಕುಕ್ಕರಿಸಿ ಕೂರತೊಡಗಿತು. ರೆಕ್ಕೆಗಳು ಜೋತುಬಿದ್ದವು. ಕೊನೆಗೆ ಒಂದು ಮಧ್ಯಾಹ್ನ ಕತ್ತು ಹಿಂದಕ್ಕೆ ಬಾಗಲು ಶುರುವಾಯಿತು. ಸ್ವಲ್ಪ ಅಲ್ಲ, ತಲೆಯ ಹಿಂಭಾಗ ಬೆನ್ನಿಗೆ ತಾಗುವಷ್ಟು. ಕೊಕ್ಕು ನೇರ ಆಕಾಶಕ್ಕೆ. ನಾವು ಮುಟ್ಟಿದರೆ, ಪಕ್ಕದಲ್ಲಿ ಪಾತ್ರೆ ಸದ್ದಾದರೆ, ಕತ್ತು ಇನ್ನಷ್ಟು ಹಿಂದಕ್ಕೆ ಸೆಳೆದು ಕೋಳಿ ಹಿಮ್ಮುಖವಾಗಿ ಉರುಳಿ ಬೀಳುತ್ತಿತ್ತು. ಕೆಂಪಗಿದ್ದ ಜುಟ್ಟು ನೀಲಿಗೆ ತಿರುಗಿತು.

ಇದೇ ಹೊತ್ತಿಗೆ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಹಕ್ಕಿಜ್ವರ ದೃಢಪಟ್ಟ ಸುದ್ದಿ ಬಂತು. ಯಲಹಂಕದಿಂದ ಅದು ಬಹಳ ದೂರವೇನಲ್ಲ. ಟೀವಿಯಲ್ಲಿ ಮುಖವಾಡ, ಬಿಳಿ ಉಡುಪು ಹಾಕಿದವರು ಕೋಳಿಗಳನ್ನು ಹೂಳುತ್ತಿದ್ದ ದೃಶ್ಯ. ನಮ್ಮ ಬೀದಿಯಲ್ಲಿ ಕೋಳಿ ಸಾಕಿದವರು ನಾವು ಮಾತ್ರ. ನೀಲಿ ಜುಟ್ಟಿನ, ಕತ್ತು ತಿರುಚಿದ ಕೋಳಿ ನಮ್ಮ ಹಿತ್ತಲಲ್ಲಿರುವುದು ಮಹಡಿಯ ಮನೆಯವರಿಗೆ ಕಾಣುತ್ತಿತ್ತು. ಅವರ ಮನೆಯಲ್ಲಿ ಚಿಕ್ಕ ಮಗುವಿತ್ತು. ಅವರು ಹೆದರಿದ್ದರಲ್ಲಿ ನನಗೆ ಯಾವ ತಪ್ಪೂ ಕಾಣುವುದಿಲ್ಲ. ಆದರೆ "ಇವತ್ತೇ ಅದನ್ನ ಎಲ್ಲಾದ್ರೂ ಬಿಟ್ಟು ಬನ್ನಿ, ಇಲ್ಲಾಂದ್ರೆ ಕಂಪ್ಲೇಂಟ್ ಕೊಡ್ತೀವಿ" ಎಂದು ಗೇಟಿನ ಹೊರಗಿನಿಂದ ಹೇಳಿದಾಗ ಅಮ್ಮ ಒಳಗೆ ನಿಂತು ಕೇಳಿಸಿಕೊಂಡಳು. ಆ ರಾತ್ರಿ ಅವಳು ಉಣ್ಣಲಿಲ್ಲ. "ಅದೂ ಹೋರೆ ನಂಗ್ ಊರಿಂದ್ ಅಂಬುದ್ ಎಂತ ಉಳೀತ್?" ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ.

ನಾನು ಪಶುವೈದ್ಯರನ್ನು ಹುಡುಕಿದೆ. ಸಾಕುಪ್ರಾಣಿಗಳ ಕ್ಲಿನಿಕ್ಕುಗಳಲ್ಲಿ ನಾಯಿ ಬೆಕ್ಕು ಮಾತ್ರ ಎಂದರು. ಒಬ್ಬರು ಫೋನಿನಲ್ಲಿ ವಿಡಿಯೊ ನೋಡಿ, "ಇದು ರಾಣಿಖೇತ್, ಇದಕ್ಕೆ ಔಷಧಿ ಇಲ್ಲ, ಸುಮ್ಮನೆ ದುಡ್ಡು ಕಳೀಬೇಡಿ" ಎಂದರು. ಇನ್ನೊಬ್ಬರು ನಕ್ಕು, ಕೋಳಿಗೆ ಇಷ್ಟೆಲ್ಲ ಮಾಡ್ತೀರಾ ಎಂದು ಕೇಳಿದರು. ಪ್ರಾಣಿಗಳ ಸಹಾಯವಾಣಿ 1962ಕ್ಕೆ ಕರೆ ಮಾಡಿದಾಗ ಮಾತ್ರ ಕೇಳಬೇಕಾದ ಪ್ರಶ್ನೆಗಳು ಬಂದವು. ಎಷ್ಟು ಕೋಳಿ, ಎಷ್ಟು ಸತ್ತಿವೆ, ಎಷ್ಟು ದಿನದಿಂದ, ಹೊರಗಿನಿಂದ ಹೊಸ ಕೋಳಿ ತಂದಿದ್ದೀರಾ. ಒಂದೇ ಕೋಳಿ, ದಿನಗಟ್ಟಲೆಯಿಂದ ನಿಧಾನವಾಗಿ ಹೆಚ್ಚುತ್ತಿದೆ ಎಂದೆ. ಬೇರೆಯಾಗಿ ಇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ, ಸತ್ತರೆ ಎಸೆಯದೆ ತಿಳಿಸಿ ಎಂದರು.

ಆ ರಾತ್ರಿ ನಾನು ನೋಡಿದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆಯತೊಡಗಿದೆ. ಹೆದರಿಕೆಯಾದಾಗ ಬರೆಯುವುದು ನನಗೆ ಸಮಾಧಾನ. ಹಕ್ಕಿಜ್ವರದ ಮಾರಕ ಬಗೆಯಾದರೆ ಕೋಳಿ ಒಂದೆರಡು ದಿನದಲ್ಲಿ ಸಾಯುತ್ತದೆ, ಮುಖ ಊದುತ್ತದೆ. ಕೆಂಪಿಯ ಮುಖ ಊದಿರಲಿಲ್ಲ, ಮೂಗು ಒಣಗಿತ್ತು. ಕಾಲು ಸೋಲುವ ಇನ್ನೊಂದು ಕಾಯಿಲೆ ಮಾರೆಕ್. ಹಂಗೇರಿಯ ಪಶುವೈದ್ಯ ಯೋಝೆಫ್ ಮಾರೆಕ್ 1907ರಲ್ಲಿ ವಿವರಿಸಿದ್ದು. ಅದರಲ್ಲಿ ಒಂದು ಕಾಲು ಮುಂದಕ್ಕೂ ಇನ್ನೊಂದು ಹಿಂದಕ್ಕೂ ಚಾಚಿ ಕೋಳಿ ಬೀಳುತ್ತದೆ, ಕಣ್ಣಪಾಪೆಯ ಸುತ್ತಲಿನ ವಲಯ ಬೂದಿಬಣ್ಣಕ್ಕೆ ತಿರುಗಿ ಪಾಪೆಯ ಅಂಚು ಹರಿದಂತಾಗುತ್ತದೆ, ಬರುವುದೂ ಹೆಚ್ಚಾಗಿ ಎಳೆಯ ಕೋಳಿಗಳಿಗೆ. ಕೆಂಪಿಯ ಕಣ್ಣು ಸ್ಪಷ್ಟವಾಗಿತ್ತು, ಎರಡು ಕಾಲೂ ಒಂದೇ ಸಮನಾಗಿ ಸೋತಿದ್ದವು. ಹುಳುಬಿದ್ದ ಕೊಳೆತದ್ದನ್ನು ತಿಂದು ವಿಷವೇರಿದರೆ ಕತ್ತು ಬಲವಿಲ್ಲದೆ ಮುಂದಕ್ಕೆ ಜೋಲುತ್ತದೆ. ಇಲ್ಲಿ ಕತ್ತು ಹಿಂದಕ್ಕೆ ಸೆಟೆದಿತ್ತು, ಕೆಂಪಿ ಗೂಡಿನಿಂದ ಹೊರಗೆ ಹೋಗಿಯೂ ಇರಲಿಲ್ಲ.

ಉಳಿದದ್ದು ರಾಣಿಖೇತ್, ನಮ್ಮ ಹಳ್ಳಿಗಳಲ್ಲಿ ಕೊಕ್ಕರೆ ರೋಗ ಎನ್ನುವುದು. ಭಾರತದಲ್ಲಿ ಅದನ್ನು 1927ರಲ್ಲಿ ಈಗಿನ ಉತ್ತರಾಖಂಡದ ರಾಣಿಖೇತ್‌ನಲ್ಲಿ ಗುರುತಿಸಿದ್ದರಿಂದ ಆ ಹೆಸರು. ಹಸಿರು ನೀರಿನಂಥ ಹಿಕ್ಕೆ, ಬಾಯಿ ತೆರೆದು ಉಸಿರು, ತಿರುಚಿದ ಕತ್ತು. ಊರುಗಳಲ್ಲಿ ಒಂದು ವಾರದೊಳಗೆ ಕೇರಿಯ ಕೋಳಿಗಳೆಲ್ಲ ಹೋಗುವುದು ಇದರಿಂದಲೇ. ಕೆಂಪಿಗೆ ಇದರ ಲಸಿಕೆ ಆಗಿರಲಿಲ್ಲ. ಪಾರಿವಾಳಗಳಿಂದಲೂ ಬರಬಹುದು, ನಮ್ಮ ಹಿತ್ತಲಿಗೆ ಪಾರಿವಾಳಗಳು ಬರುತ್ತಿದ್ದವು. ಇದನ್ನು ತಳ್ಳಿಹಾಕಲು ನನ್ನಿಂದ ಆಗಲಿಲ್ಲ. ಆದರೆ ಎರಡು ವಿಷಯ ಮನಸ್ಸಿಗೆ ಒಗ್ಗಲಿಲ್ಲ. ಉಸಿರಾಟದ ತೊಂದರೆ ಒಂದು ದಿನವೂ ಕಂಡಿರಲಿಲ್ಲ. ಮತ್ತೆ, ಎಲ್ಲವೂ ಬೆರಳಿನಿಂದ ಶುರುವಾಗಿ ಕಾಲು, ರೆಕ್ಕೆ, ಕತ್ತು ಎಂದು ಕ್ರಮವಾಗಿ ಮೇಲಕ್ಕೆ ಹತ್ತಿತ್ತು. ಆ ಸಾಲಿನ ಕೆಳಗೆ ನಾನು ಗೆರೆ ಎಳೆದೆ. ಯಾಕೆಂದು ಆಗ ಗೊತ್ತಿರಲಿಲ್ಲ.

ಕೋಳಿಯನ್ನು ನೋಡಿಕೊಳ್ಳುವ ಕೆಲಸವೇ ಒಂದು ವ್ರತವಾಯಿತು. ಹಳೆಯ ಸೀರೆಯನ್ನು ಸುರುಳಿ ಸುತ್ತಿ ಬುಟ್ಟಿಯ ಸುತ್ತ ಇಟ್ಟೆವು, ಉರುಳಿದರೂ ಪೆಟ್ಟಾಗದಿರಲಿ ಎಂದು. ಅದು ತಾನಾಗಿ ನೀರು ಕುಡಿಯಲಾರದು. ನಾಲಿಗೆಯ ಹಿಂದೆಯೇ ಉಸಿರಿನ ದಾರಿ ಇರುವುದರಿಂದ ನೀರನ್ನು ಸುರಿಯುವಂತಿಲ್ಲ, ಶ್ವಾಸಕ್ಕೆ ಹೋದರೆ ಅಲ್ಲಿಗೇ ಮುಗಿಯಿತು. ಅಮ್ಮ ಕೈಗೆ ಪ್ಲಾಸ್ಟಿಕ್ ಚೀಲ, ಬಾಯಿಗೆ ಸೆರಗು ಕಟ್ಟಿಕೊಂಡು, ಒಂದು ಅಂಗೈಯಲ್ಲಿ ಅದರ ತಲೆಯನ್ನು ಮುಂದಕ್ಕೆ ತಂದು ಹಿಡಿದು, ಕೊಕ್ಕಿನ ಪಕ್ಕದ ಅಂಚಿಗೆ ಒಂದೊಂದೇ ಹನಿ ಬಿಡುತ್ತಿದ್ದಳು. ಅದು ನುಂಗುವ ತನಕ ಕಾದು ಮತ್ತೊಂದು. ಎಪ್ಪತ್ತು ದಾಟಿದವಳು ಸಿಮೆಂಟು ನೆಲದ ಮೇಲೆ ತಾಸುಗಟ್ಟಲೆ ಕೂರುತ್ತಿದ್ದಳು. ಒಳಗೆ ಬಾ ಎಂದರೆ, "ಇದ್ರ್ ಕತ್ ನೆಟ್ಟಗೆ ಹಿಡುಕೆ ಯಾರಿದ್ರ್?" ಎನ್ನುತ್ತಿದ್ದಳು. ಅಪ್ಪನ ಕೊನೆಯ ತಿಂಗಳುಗಳಲ್ಲಿ ಅವಳು ಹೀಗೇ ಚಮಚದಲ್ಲಿ ನೀರು ಕೊಟ್ಟಿದ್ದಳು. ಅದನ್ನು ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಆಫೀಸಿನ ಗೆಳತಿಯ ಮೂಲಕ ಒಬ್ಬ ನಿವೃತ್ತ ಪಶುವೈದ್ಯೆಯ ಪರಿಚಯ ಸಿಕ್ಕಿತು. ಕೋಳಿಗಳ ನಡುವೆಯೇ ನೌಕರಿ ಮುಗಿಸಿದವರು. ಫೋನಿನಲ್ಲಿ ನನ್ನ ಟಿಪ್ಪಣಿ ಓದಿದೆ. ಬೆರಳಿನ ಸಾಲಿಗೆ ಬಂದಾಗ "ನಿಲ್ಲಿಸಿ, ಇನ್ನೊಂದು ಸಲ ಓದಿ" ಎಂದರು. ಸಂಜೆ ಮಾಸ್ಕು, ಕೈಗವಸು ಹಾಕಿಕೊಂಡು ಮನೆಗೇ ಬಂದರು. ಕಣ್ಣು, ಮೂಗು, ಬಾಯಿ, ಹಿಕ್ಕೆ, ಅಂಗಾಲು ನೋಡಿದರು. ಬೆರಳುಗಳನ್ನು ಮೆಲ್ಲಗೆ ಬಿಡಿಸಿ ಬಿಟ್ಟರು. ಆಮೇಲೆ ಕೋಳಿಯನ್ನು ಬಿಟ್ಟು ಅಮ್ಮನ ಕಡೆ ತಿರುಗಿದರು.

"ಅಮ್ಮಾ, ಇದಕ್ಕೆ ತಿನ್ನೋಕೆ ಏನು ಹಾಕ್ತೀರಿ?"

"ನಾ ಉಂಬುದೇ, ಡಾಕ್ಟ್ರೇ. ಅನ್ನ."

"ಯಾವ ಅಕ್ಕಿ?"

ಅಮ್ಮ ಬಿಳಿ ಅಕ್ಕಿಯ ಡಬ್ಬ ತಂದು ತೋರಿಸಿದಳು. ಬಸಿಯುವುದನ್ನೂ ಹೇಳಿದಳು. ಊರಿನಲ್ಲಿ ಏನು ತಿನ್ನುತ್ತಿತ್ತು ಎಂದಾಗ ಕೊಚ್ಚಕ್ಕಿ ಗಂಜಿ, ತೌಡು, ಉಳಿದದ್ದು ಅದೇ ಹೆಕ್ಕಿಕೊಳ್ಳುತ್ತಿತ್ತು ಎಂದಳು. "ಊರಂಗೆ ಇಪ್ಪತಿಗೆ ಹೀಂಗ್ ಯಾವತ್ತೂ ಆಯ್ಲಿಲ್ಲ." ವೈದ್ಯೆ ಔಷಧಿ ಏನಾದರೂ ಕೊಟ್ಟಿದ್ದೀರಾ ಎಂದು ನನ್ನನ್ನು ಕೇಳಿದರು. ಪೊಟ್ಟಣ ತಂದು ಕೊಟ್ಟೆ. ಹೆಸರು ಓದಿ, ಎಷ್ಟು ದಿನದಿಂದ ಎಂದು ಕೇಳಿ, ಸುಮ್ಮನಾದರು. ನಂತರ ಹೇಳಿದರು, ಇದು ಬಹುಶಃ ಸೋಂಕೇ ಅಲ್ಲ. ಬಿ1 ಜೀವಸತ್ವ ಇಲ್ಲದೆ ನರಗಳು ಸೋತಿವೆ.

ಅವರು ವಿವರಿಸಿದ್ದು ಇದು. ಅಕ್ಕಿಯಲ್ಲಿರುವ ಪಿಷ್ಟವನ್ನು ದೇಹ ಉರಿಸಿ ಶಕ್ತಿ ಮಾಡಿಕೊಳ್ಳಲು ಬಿ1, ಅಂದರೆ ಥಯಾಮಿನ್ ಬೇಕೇಬೇಕು. ಅದು ಇರುವುದು ಕಾಳಿನ ಮೊಳಕೆಯ ಭಾಗದಲ್ಲಿ ಮತ್ತು ಹೊರಪದರದಲ್ಲಿ. ಗಿರಣಿಯಲ್ಲಿ ಪಾಲಿಶ್ ಮಾಡಿದಾಗ ಅದು ತೌಡಿನ ಜೊತೆ ಹೋಗುತ್ತದೆ. ಉಳಿದ ಚೂರು ನೀರಿನಲ್ಲಿ ಕರಗುವಂಥದ್ದು, ತೊಳೆದ ನೀರಿನಲ್ಲಿ ಒಂದಿಷ್ಟು, ಬಸಿದ ತಿಳಿಯಲ್ಲಿ ಒಂದಿಷ್ಟು ಹೊರಟುಹೋಗುತ್ತದೆ. ಬಿಳಿ ಅನ್ನವನ್ನೇ ತಿಂದ ದೊಡ್ಡ ಕೋಳಿಯಲ್ಲಿ ಸುಮಾರು ಮೂರು ವಾರಕ್ಕೆ ಸೋಲು ಕಾಣಿಸಿಕೊಳ್ಳುತ್ತದೆ. ಮೊದಲು ಬೆರಳು ಮಡಿಸುವ ಸ್ನಾಯು, ಆಮೇಲೆ ಕಾಲು, ರೆಕ್ಕೆ, ಕತ್ತು. ಕತ್ತಿನ ಮುಂಭಾಗದ ಸ್ನಾಯು ಸೋತಾಗ ತಲೆ ಹಿಂದಕ್ಕೆ ಹೋಗುತ್ತದೆ. ಜುಟ್ಟು ನೀಲಿಯಾಗುವುದೂ ಈ ಕೊರತೆಯ ಗುರುತೇ.

ಇನ್ನು ಆ ಪುಡಿ. ಆಂಪ್ರೋಲಿಯಂನ ರಚನೆ ಥಯಾಮಿನ್‌ನದಕ್ಕೆ ಹತ್ತಿರ. ರಕ್ತಭೇದಿ ತರುವ ಪರಾವಲಂಬಿ ಜೀವಿಗೆ ಬಿ1 ಸಿಗದಂತೆ ಅಡ್ಡ ನಿಂತು ಅದನ್ನು ಕೊಲ್ಲುವುದೇ ಅದರ ಕೆಲಸ. ಸರಿಯಾದ ಅಳತೆಯಲ್ಲಿ, ಗೊತ್ತುಪಡಿಸಿದ ಅವಧಿಗೆ ಕೊಟ್ಟರೆ ಒಳ್ಳೆಯ ಔಷಧಿ. ಅಳತೆಯಿಲ್ಲದೆ ವಾರಗಟ್ಟಲೆ ಕೊಟ್ಟರೆ ಕೋಳಿಗೂ ಬಿ1 ಸಿಗುವುದಿಲ್ಲ. ಆಹಾರದಲ್ಲೇ ಬಿ1 ಇಲ್ಲದ ಕೋಳಿಗೆ ಅದನ್ನು ಕೊಡುತ್ತ ಹೋದದ್ದು ಆರುತ್ತಿದ್ದ ದೀಪದ ಎಣ್ಣೆಯನ್ನು ಬಗ್ಗಿಸಿ ಚೆಲ್ಲಿದಂತೆ ಆಗಿತ್ತು. ಎಷ್ಟು ದಿನ ಎಂದು ಕೇಳಿದವರಿಗೆ ಲೆಕ್ಕವಿಲ್ಲದ ಉತ್ತರ ಕೊಟ್ಟು ಇಂಥ ಔಷಧಿಯನ್ನು ಮಾರುವುದು ಅನ್ಯಾಯ. ಇದನ್ನು ನಾನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ವೈದ್ಯೆ ಎದೆಯ ಸ್ನಾಯುವಿಗೆ ಬಿ1 ಚುಚ್ಚಿದರು. ಈ ಕಾಯಿಲೆಯಲ್ಲಿ ಕೋಳಿ ತಿನ್ನುವುದನ್ನು ಬಿಟ್ಟಿರುವುದರಿಂದ ಮೊದಲ ಡೋಸು ಬಾಯಿಯಿಂದ ಕೊಡುವುದರಲ್ಲಿ ಭರವಸೆಯಿಲ್ಲ ಎಂದರು. "ಇದೇ ಪರೀಕ್ಷೆ, ಇದೇ ಚಿಕಿತ್ಸೆ. ನನ್ನ ಊಹೆ ಸರಿಯಿದ್ದರೆ ನಾಳೆ ಬೆಳಿಗ್ಗೆಯೊಳಗೆ ನಿಮಗೇ ಗೊತ್ತಾಗುತ್ತೆ. ಏನೂ ಬದಲಾಗದಿದ್ದರೆ ರಾಣಿಖೇತ್ ಅಂತಲೇ ತಿಳ್ಕೊಂಡು ಮುಂದಿನ ದಾರಿ ನೋಡೋಣ." ಮಹಡಿಯವರನ್ನು ಕರೆದು ಅವರಿಗೂ ಇಷ್ಟನ್ನು ಹೇಳಿದರು. ಒಂದು ರಾತ್ರಿಯ ಮಟ್ಟಿಗೆ ಅವರು ಒಪ್ಪಿದರು.

ಆ ರಾತ್ರಿ ಅಮ್ಮನ ಜೊತೆ ನಾನೂ ಹಿತ್ತಲಲ್ಲೇ ಕೂತೆ. ಬಹಳ ಹೊತ್ತು ಏನೂ ಆಗಲಿಲ್ಲ. ಕೆಂಪಿ ಒಂದೆರಡು ಸಲ ಉರುಳಿತು, ಅಮ್ಮ ಎತ್ತಿ ಕೂರಿಸಿದಳು. ಮಧ್ಯರಾತ್ರಿ ಕಳೆದ ಮೇಲೆ ಅಂಗೈಯಲ್ಲಿ ಹಿಡಿದ ತಲೆ ಹಿಂದಕ್ಕೆ ಒತ್ತುವುದು ಕಡಿಮೆಯಾಗಿದೆ ಎಂದಳು. ನಾನು ನಂಬಲಿಲ್ಲ, ಆಸೆಗೆ ಹಾಗೆ ಅನ್ನಿಸುತ್ತಿದೆ ಎಂದುಕೊಂಡೆ. ಬೆಳಕು ಹರಿಯುವ ಹೊತ್ತಿಗೆ ಅವಳು ಕೈ ತೆಗೆದಳು. ಕತ್ತು ಅಲುಗುತ್ತಿತ್ತು, ಆದರೆ ನೆಟ್ಟಗಿತ್ತು. ಬಟ್ಟಲು ಮುಂದಿಟ್ಟಾಗ ಕೊಕ್ಕನ್ನು ತಾನೇ ನೀರಿಗೆ ಇಳಿಸಿತು. ಅಮ್ಮ ಅತ್ತದ್ದನ್ನು ಅಪ್ಪ ಹೋದ ಮೇಲೆ ನಾನು ನೋಡಿದ್ದು ಅವತ್ತೇ. ಸಾವಿನ ಮನೆಯಲ್ಲಿ ಬಂದವರಿಗೆಲ್ಲ ಕಾಫಿ ಕೊಟ್ಟವಳು ಅವಳು.

ಮುಂದಿನ ದಿನಗಳಲ್ಲಿ ಬಾಯಿಯಿಂದ ಬಿ ಕಾಂಪ್ಲೆಕ್ಸ್ ಹನಿ. ಪುಡಿ ಅಂದೇ ನಿಂತಿತು. ಯಲಹಂಕದ ಹತ್ತಿರದ ಗಿರಣಿಯಿಂದ ಹೊಸ ತೌಡು ತಂದು ರಾಗಿ, ಒಡೆದ ಜೋಳದ ಜೊತೆ ಕಲೆಸಿ ಉಂಡೆ ಮಾಡಿಕೊಟ್ಟೆವು. ಹಳೆಯ ತೌಡು ಬೇಗ ಕಮಟು ಹಿಡಿಯುತ್ತದೆ, ಅದನ್ನು ಕೊಡಬಾರದೆಂದು ವೈದ್ಯೆ ಎಚ್ಚರಿಸಿದ್ದರು. ಕತ್ತು ಎಲ್ಲಕ್ಕಿಂತ ಮೊದಲು ಸರಿಯಾಯಿತು. ಕಾಲುಗಳು ತಡವಾಗಿ ಮಾತು ಕೇಳಿದವು. ಗೋಡೆಗೆ ಒರಗಿ ನಿಂತಿತು, ಬಿತ್ತು, ನಿಂತಿತು. ಬೆರಳುಗಳು ಕೊನೆಗೆ. ಅಡ್ಡಕೋಲನ್ನು ಹಿಡಿದು ಕೂತ ಸಂಜೆ ಮಹಡಿಯ ಮನೆಯವರೇ ಬಾಲ್ಕನಿಯಿಂದ ಕೂಗಿ ನಮಗೆ ತೋರಿಸಿದರು.

ವೈದ್ಯೆ ಹೋಗುವಾಗ ಕ್ರಿಸ್ಟಿಯಾನ್ ಐಕ್ಮನ್ ಎಂಬ ಹೆಸರನ್ನು ಹೇಳಿ, ಬಿಡುವಾದಾಗ ಓದಿ ಎಂದಿದ್ದರು. ಓದಿದೆ. ಸುಮಾರು 1890ರ ಹೊತ್ತಿಗೆ ಜಾವಾದ ಬಟಾವಿಯಾದಲ್ಲಿ, ಈಗಿನ ಜಕಾರ್ತಾದಲ್ಲಿ, ಈ ಡಚ್ ವೈದ್ಯ ಬೆರಿಬೆರಿ ಕಾಯಿಲೆಯ ಕ್ರಿಮಿಯನ್ನು ಹುಡುಕುತ್ತಿದ್ದ. ಸೈನಿಕರು, ಕೈದಿಗಳು ಕಾಲು ಸೋತು ಸಾಯುತ್ತಿದ್ದ ಕಾಲ. ಅವನ ಪ್ರಯೋಗಾಲಯದ ಕೋಳಿಗಳೂ ಇದ್ದಕ್ಕಿದ್ದಂತೆ ತೂರಾಡಿ ಬೀಳತೊಡಗಿದವು. ಯಾವ ಕ್ರಿಮಿಯೂ ಸಿಗಲಿಲ್ಲ. ಕೆಲವು ತಿಂಗಳ ನಂತರ ತಾವಾಗಿಯೇ ಹುಷಾರಾದವು. ವಿಚಾರಿಸಿದಾಗ ತಿಳಿದದ್ದು ಇಷ್ಟು: ನಡುವಿನ ಆ ತಿಂಗಳುಗಳಲ್ಲಿ ಕೋಳಿಗಳಿಗೆ ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯ ಬಿಳಿ ಅನ್ನ ಬರುತ್ತಿತ್ತು. ಹೊಸ ಅಡುಗೆಯವನು ಬಂದು, ಸೈನ್ಯದ ಅನ್ನವನ್ನು ಸೈನ್ಯಕ್ಕೆ ಸೇರದ ಕೋಳಿಗಳಿಗೆ ಕೊಡುವುದಿಲ್ಲ ಎಂದು ನಿಲ್ಲಿಸಿದ್ದ. ಪಾಲಿಶ್ ಆಗದ ಅಕ್ಕಿಗೆ ಮರಳಿದ ಕೋಳಿಗಳು ಬದುಕಿದವು. ಅನ್ನದಲ್ಲಿ ವಿಷವಿದೆ, ತೌಡಿನಲ್ಲಿ ಅದಕ್ಕೆ ಮದ್ದಿದೆ ಎಂದು ಐಕ್ಮನ್ ಭಾವಿಸಿದ್ದ. ಇದು ವಿಷವಲ್ಲ, ಕೊರತೆ ಎಂದು 1901ರಲ್ಲಿ ಹೇಳಿದವನು ಅವನ ನಂತರ ಆ ಕೆಲಸ ಮುಂದುವರಿಸಿದ ಗೆರಿಟ್ ಗ್ರೈನ್ಸ್. ಐಕ್ಮನ್‌ಗೆ 1929ರ ನೊಬೆಲ್ ಬಂತು. ಥಯಾಮಿನ್ ಅನ್ನು 1936ರಲ್ಲಿ ಕೃತಕವಾಗಿ ತಯಾರಿಸಿದ ರಾಬರ್ಟ್ ವಿಲಿಯಮ್ಸ್ ಹುಟ್ಟಿದ್ದು ನಮ್ಮ ಪಕ್ಕದ ನೆಲ್ಲೂರಿನಲ್ಲಿ.

ಜಾವಾದ ಆ ಕೋಳಿಗಳಿಗೂ ಕೆಂಪಿಗೂ ಕಾಯಿಲೆ ಒಂದೇ. ಕೆಂಪಿ ಊರಿನಲ್ಲಿ ಯಾಕೆ ಚೆನ್ನಾಗಿತ್ತು ಎನ್ನುವುದಕ್ಕೂ ಅಲ್ಲಿಂದಲೇ ಉತ್ತರ ಸಿಕ್ಕಿತು. ಕರಾವಳಿಯ ಕುಚ್ಚಲಕ್ಕಿ, ಅಂದರೆ ಅಮ್ಮ ಹೇಳಿದ ಕೊಚ್ಚಕ್ಕಿ, ಮಾಡುವಾಗ ಭತ್ತವನ್ನು ನೆನೆಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ, ಆಮೇಲೆ ಗಿರಣಿಗೆ ಹಾಕುತ್ತಾರೆ. ಬೇಯುವಾಗ ಹೊರಪದರದ ಬಿ1 ಕಾಳಿನ ಒಳಕ್ಕೆ ಇಳಿಯುತ್ತದೆ, ಗಿರಣಿ ಅದನ್ನು ಪೂರ್ತಿ ಕಿತ್ತುಕೊಳ್ಳಲಾರದು. ಜೊತೆಗೆ ತೌಡು, ಹುಳು, ಹುಲ್ಲು. ಅಮ್ಮ ಘಟ್ಟದ ಮೇಲೆ ಬಂದಾಗ ತನ್ನ ಪ್ರೀತಿಯಲ್ಲಿ ಏನನ್ನೂ ಕಡಿಮೆ ಮಾಡಲಿಲ್ಲ. ಬದಲಾದದ್ದು ಅಕ್ಕಿ, ಇಲ್ಲವಾದದ್ದು ಮಣ್ಣು.

ಕೆಂಪಿ ಈಗ ಚೆನ್ನಾಗಿದೆ. ಹಿತ್ತಲಿನ ಅರ್ಧ ಸಿಮೆಂಟು ಒಡೆಸಿ ಮಣ್ಣು ಹಾಕಿಸಿದ್ದೇವೆ. ರಾಣಿಖೇತ್ ಲಸಿಕೆಯೂ ಆಗಿದೆ. ನಾಲ್ಕು ಕೋಳಿ ಇರುವ ಮನೆಯವರೂ ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ ಅದನ್ನು ಹಾಕಿಸಲೇಬೇಕು, ಏಕೆಂದರೆ ಆ ರೋಗ ಬಂದ ಮೇಲೆ ಔಷಧಿ ಇಲ್ಲ ಎಂದು ವಿಡಿಯೊ ನೋಡಿದ ವೈದ್ಯರು ಹೇಳಿದ್ದು ಮಾತ್ರ ನಿಜ.

ಕೋಳಿ ಸಾಕುವವರಲ್ಲಿ ನನ್ನ ಕೋರಿಕೆ ಇದು. ಹಲವು ಕೋಳಿಗಳು ಒಟ್ಟಿಗೆ ಸತ್ತರೆ ಮುಟ್ಟಬೇಡಿ, ಎಸೆಯಬೇಡಿ, ಮಾರಬೇಡಿ, ಪಶುಪಾಲನಾ ಇಲಾಖೆಗೆ ತಿಳಿಸಿ. ಒಂದೇ ಕೋಳಿ ದಿನದಿಂದ ದಿನಕ್ಕೆ ಕಾಲು ಸೋತು ಕತ್ತು ಹಿಂದಕ್ಕೆ ಬಾಗಿಸಿ ಕೂತಿದ್ದರೆ ಅದನ್ನು ಬೇರೆಯಾಗಿಡಿ, ಮತ್ತು ಕೊಯ್ಯುವ ಮಾತು ಆಡುವ ಮೊದಲು ಎರಡು ವಿಷಯ ಬರೆದುಕೊಂಡು ವೈದ್ಯರ ಬಳಿ ಹೋಗಿ: ಕಳೆದ ಒಂದು ತಿಂಗಳಲ್ಲಿ ಅದು ಏನು ತಿಂದಿತು, ಅದರ ನೀರಿಗೆ ಯಾವ ಪುಡಿ ಬಿತ್ತು.